ಮ್ಯಾಕ್ರೊಫೇಜ್ ನುಂಗಿದ ಮೇಲೂ ಕೆಲವು ಬ್ಯಾಕ್ಟೀರಿಯಾ ಸಾಯಲ್ಲ, ಯಾಕೆ? ಕ್ಯಾಟಲೇಸ್ ಒಂದೇ ಕಾರಣವಾ?

ಕಡಲತಡಿ_ಮೈಕ್ರೋ (ಕಾರವಾರ):

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ ಮೈಕ್ರೋಬಯಾಲಜಿ, ಕೊನೆಯ ಸೆಮಿಸ್ಟರ್. ಸೆಮಿನಾರ್ ಮತ್ತು ಸಣ್ಣ ಪ್ರಾಜೆಕ್ಟ್ ಎರಡಕ್ಕೂ ಒಂದೇ ವಿಷಯ ತಗೊಂಡಿದೀನಿ: ಕೋಶದೊಳಗೆ ಬದುಕೋ ಬ್ಯಾಕ್ಟೀರಿಯಾಗಳು ತಮ್ಮ ಕಿಣ್ವಗಳಿಂದ ಮ್ಯಾಕ್ರೊಫೇಜನ್ನ (ರೋಗಾಣು ನುಂಗಿ ಕೊಲ್ಲೋ ರಕ್ಷಣಾ ಕೋಶ) ಹೇಗೆ ತಪ್ಪಿಸ್ಕೊಳ್ತಾವೆ ಅಂತ. ಪಠ್ಯಪುಸ್ತಕದಲ್ಲಿ ಇರೋದು ಎರಡು ಸಾಲು. "ಕ್ಯಾಟಲೇಸ್, ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಉತ್ಪಾದಿಸಿ ಪಾರಾಗುತ್ತವೆ." ಅಷ್ಟೇ. ಮೊದಲನೆಯದು ಹೈಡ್ರೋಜನ್ ಪೆರಾಕ್ಸೈಡ್ ಒಡೆಯೋ ಕಿಣ್ವ, ಎರಡನೆಯದು ಸೂಪರಾಕ್ಸೈಡನ್ನ ಪೆರಾಕ್ಸೈಡ್ ಮಾಡೋ ಕಿಣ್ವ.

ನನ್ನ ತಕರಾರು ಇಲ್ಲೇ. ಕ್ಯಾಟಲೇಸ್ ಮಾಮೂಲಿ ಇ. ಕೋಲಿಯಲ್ಲೂ ಇದೆ. ಆದರೂ ಅದನ್ನ ಮ್ಯಾಕ್ರೊಫೇಜ್ ಆರಾಮಾಗಿ ಕೊಲ್ಲುತ್ತೆ, ಕ್ಷಯದ ಬ್ಯಾಕ್ಟೀರಿಯಾವನ್ನ ಕೊಲ್ಲೋಕಾಗಲ್ಲ. ಹಾಗಾದ್ರೆ ವ್ಯತ್ಯಾಸ ಎಲ್ಲಿದೆ? ಇನ್ನೊಂದು, ನಮ್ಮ ಕಾಲೇಜಲ್ಲಿ ಆಟೋಕ್ಲೇವ್, 37 ಡಿಗ್ರಿ ಇನ್‌ಕ್ಯುಬೇಟರ್, ಯುವಿ ಸ್ಪೆಕ್ಟ್ರೋಫೋಟೋಮೀಟರ್, ಲ್ಯಾಮಿನಾರ್ ಫ್ಲೋ ಬಿಟ್ರೆ ಹೆಚ್ಚೇನಿಲ್ಲ. ಸೆಲ್ ಕಲ್ಚರ್ ಮಾಡೋಕೆ ಬೇರೆ ಕಡೆ ಹೋಗಬೇಕು. ಇಷ್ಟರಲ್ಲೇ ಏನಾದ್ರೂ ನಿಜವಾದ ಪ್ರಯೋಗ ಮಾಡಬಹುದಾ?

ಬೆಂಚು_ಬರ್ನರ್ (ಧಾರವಾಡ, ಊರು ಹೊನ್ನಾವರ):

ಒಳ್ಳೆ ತಕರಾರು. ಪುಸ್ತಕದ ಎರಡು ಸಾಲು ಸುಳ್ಳಲ್ಲ, ಆದರೆ ಕೊನೆಯಲ್ಲಿ ಬರೋದನ್ನ ಮೊದಲು ಹೇಳಿದೆ.

ಮ್ಯಾಕ್ರೊಫೇಜ್ ಏನು ಮಾಡುತ್ತೆ ಅಂತ ಅನುಕ್ರಮವಾಗಿ ನೋಡಿ. ನುಂಗಿದ ಬ್ಯಾಕ್ಟೀರಿಯಾ ಒಂದು ಪೊರೆಯ ಚೀಲದಲ್ಲಿ ಕೂರುತ್ತೆ, ಅದೇ ಫ್ಯಾಗೊಸೋಮ್. ಮೊದಲು ಆ ಚೀಲದ ಮೇಲೆ ರ‍್ಯಾಬ್5 ಅನ್ನೋ ಪ್ರೋಟೀನ್ ಬರುತ್ತೆ. ಅದರ ಹಿಂದೆಯೇ ವಿಪಿಎಸ್34 ಎಂಬ ಕೈನೇಸ್ ಬಂದು ಪೊರೆಯ ಲಿಪಿಡ್‌ಗೆ ಒಂದು ಫಾಸ್ಫೇಟ್ ಅಂಟಿಸಿ ಪಿಐ3ಪಿ ಎಂಬ ಗುರುತು ಮಾಡುತ್ತೆ. ಈ ಪಿಐ3ಪಿ ಇದ್ದರೆ ಮಾತ್ರ ಇಇಎ1 ಥರದ ಪ್ರೋಟೀನ್‌ಗಳು ಅಲ್ಲಿಗೆ ಬಂದು ಹಿಡ್ಕೊಳ್ತಾವೆ. ಆಮೇಲೆ ರ‍್ಯಾಬ್5 ಹೋಗಿ ರ‍್ಯಾಬ್7 ಬರುತ್ತೆ, ಪ್ರೋಟಾನ್ ಪಂಪು (ವಿ-ಎಟಿಪಿಏಸ್) ಕೂತು ಒಳಗಿನ ಪಿಎಚ್ 5ರ ಕೆಳಗೆ ಇಳಿಯುತ್ತೆ, ಕೊನೆಗೆ ಲೈಸೋಸೋಮ್ ಬಂದು ಕೂಡ್ಕೊಂಡು ಕ್ಯಾಥೆಪ್ಸಿನ್‌ನಂತಹ ಜೀರ್ಣಕ ಕಿಣ್ವಗಳನ್ನ ಸುರಿಯುತ್ತೆ. ಇದರ ಜೊತೆಜೊತೆಗೇ ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಮ್ಯಾಕ್ರೊಫೇಜಿನ ಕಿಣ್ವ ಸೂಪರಾಕ್ಸೈಡ್ ಎಂಬ ಆಕ್ಸಿಡೆಂಟ್ (ಸುಟ್ಟು ಹಾಳುಮಾಡೋ ವಸ್ತು) ಸುರಿಯುತ್ತೆ.

ಇ. ಕೋಲಿ ಈ ಸಾಲಿನಲ್ಲಿ ಎಲ್ಲೂ ಅಡ್ಡ ಹಾಕಲ್ಲ. ಕ್ಯಾಟಲೇಸ್ ಇದ್ದರೂ ಆಮ್ಲ, ಪ್ರೋಟಿಯೇಸ್, ಆಕ್ಸಿಡೆಂಟ್ ಎಲ್ಲ ಒಟ್ಟಿಗೆ ಮೇಲೆ ಬೀಳುತ್ತೆ. ಕ್ಷಯದ ಬ್ಯಾಕ್ಟೀರಿಯಾ ಸಾಲನ್ನೇ ಮಧ್ಯದಲ್ಲಿ ಕಡಿಯುತ್ತೆ. ಅದರ ಚೀಲ ಲೈಸೋಸೋಮ್ ಜೊತೆ ಕೂಡೋದಿಲ್ಲ ಅನ್ನೋದನ್ನ ಆರ್ಮ್‌ಸ್ಟ್ರಾಂಗ್ ಮತ್ತು ಹಾರ್ಟ್ 1971ರಲ್ಲೇ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ತೋರಿಸಿದ್ರು. ಪ್ರಚೋದನೆ ಸಿಗದ ಮ್ಯಾಕ್ರೊಫೇಜಿನಲ್ಲಿ ಅದರ ಚೀಲದ ಪಿಎಚ್ ಸುಮಾರು 6.2ರಿಂದ 6.4ರ ಹತ್ತಿರವೇ ನಿಂತಿರುತ್ತೆ.

ಹೇಗೆ ಕಡಿಯುತ್ತೆ ಅನ್ನೋದೇ ನಿಮ್ಮ ಸೆಮಿನಾರಿನ ಹೂರಣ. ಮೂರು ಕಿಣ್ವ ನೋಡಿ, ಸಾಕು.

ಸ್ಯಾಪ್‌ಎಂ: ಹೊರಗೆ ಸ್ರವಿಸುವ ಫಾಸ್ಫಟೇಸ್. ಮೇಲೆ ಹೇಳಿದ ಪಿಐ3ಪಿಯ ಫಾಸ್ಫೇಟನ್ನ ಕತ್ತರಿಸಿ ಹಾಕುತ್ತೆ (2005ರಲ್ಲಿ ಗೊತ್ತಾದದ್ದು). ಗುರುತೇ ಅಳಿದ ಮೇಲೆ ಇಇಎ1ಗೆ ಹಿಡ್ಕೊಳ್ಳೋಕೆ ಜಾಗ ಇಲ್ಲ.

ಪಿಟಿಪಿ-ಎ: ಟೈರೋಸಿನ್ ಫಾಸ್ಫಟೇಸ್. ಇದು ಚೀಲ ದಾಟಿ ಮ್ಯಾಕ್ರೊಫೇಜಿನ ಒಳದ್ರವಕ್ಕೆ, ಅಂದರೆ ಸೈಟೋಸಾಲ್‌ಗೆ ಹೋಗುತ್ತೆ. ಅಲ್ಲಿ ಪ್ರೋಟಾನ್ ಪಂಪಿನ ಎಚ್ ಉಪಘಟಕಕ್ಕೆ ಅಂಟಿಕೊಂಡು, ಪೊರೆಗಳನ್ನ ಕೂಡಿಸೋ ಕೆಲಸದ ವಿಪಿಎಸ್33ಬಿ ಪ್ರೋಟೀನಿನ ಫಾಸ್ಫೇಟ್ ತೆಗೆದುಬಿಡುತ್ತೆ. ಪಂಪು ಚೀಲದ ಮೇಲೆ ಕೂರಲ್ಲ, ಆಮ್ಲ ಏರಲ್ಲ. ವಿಪಿಎಸ್33ಬಿ ವಿಚಾರ 2008ರದ್ದು, ಪಂಪಿನದು 2011ರದ್ದು. ಕಿಣ್ವವಾಗಿ ಕತ್ತರಿಸೋದು ಒಂದು ಕಡೆ, ಬರೀ ಅಂಟಿಕೊಂಡು ದಾರಿ ತೋರಿಸೋದು ಇನ್ನೊಂದು ಕಡೆ, ಎರಡೂ ಒಂದೇ ಪ್ರೋಟೀನ್‌ನಲ್ಲಿ. ಸೆಮಿನಾರಿನಲ್ಲಿ ಇದನ್ನ ಖಂಡಿತ ಹೇಳಿ, ಯಾರಾದ್ರೂ ಪ್ರಶ್ನೆ ಕೇಳೇ ಕೇಳ್ತಾರೆ.

ಪಿಕೆಎನ್-ಜಿ: ಸೆರೀನ್/ಥ್ರಿಯೋನಿನ್ ಕೈನೇಸ್. ಇದರ ಜೀನ್ ತೆಗೆದರೆ ಬ್ಯಾಕ್ಟೀರಿಯಾ ನೇರ ಲೈಸೋಸೋಮ್ ಸೇರುತ್ತೆ ಅಂತ 2004ರಲ್ಲಿ ತೋರಿಸಿದ್ರು.

ಇವೆಲ್ಲ ದಾಟಿ ಬಂದ ಆಕ್ಸಿಡೆಂಟ್‌ಗೆ ಮಾತ್ರ ಕ್ಯಾಟ್‌ಜಿ, ಎಎಚ್‌ಪಿ-ಸಿ, ಸಾಡ್‌ಎ, ಸಾಡ್‌ಸಿ ಬೇಕಾಗ್ತಾವೆ. ಕ್ಯಾಟ್‌ಜಿ ಒಂದು ಕ್ಯಾಟಲೇಸ್, ಎಎಚ್‌ಪಿ-ಸಿ ಪೆರಾಕ್ಸೈಡ್ ಒಡೆಯೋ ಇನ್ನೊಂದು ಕಿಣ್ವ, ಸಾಡ್ ಅಂದರೆ ಸೂಪರಾಕ್ಸೈಡ್ ಡಿಸ್ಮ್ಯುಟೇಸ್.

ಇನ್ನು ಸಾಡ್ ಬಗ್ಗೆ ಒಂದು ಸೂಕ್ಷ್ಮ ಇದೆ. ಸೂಪರಾಕ್ಸೈಡಿಗೆ ಋಣ ಆವೇಶ ಇರೋದ್ರಿಂದ ಅದು ಬ್ಯಾಕ್ಟೀರಿಯಾದ ಒಳಪೊರೆ ದಾಟಲ್ಲ. ಹಾಗಾಗಿ ಮ್ಯಾಕ್ರೊಫೇಜ್ ಹೊರಗಿಂದ ಎಸೆಯೋ ಸೂಪರಾಕ್ಸೈಡನ್ನ ಬ್ಯಾಕ್ಟೀರಿಯಾದ ಸೈಟೋಸಾಲಿನಲ್ಲಿ ಕೂತಿರೋ ಸಾಡ್ ತಡೆಯೋಕಾಗಲ್ಲ, ಅದು ತನ್ನ ಉಸಿರಾಟದಿಂದ ಹುಟ್ಟಿದ್ದಕ್ಕಷ್ಟೇ. ಹೊರಗಿನದಕ್ಕೆ ಪೆರಿಪ್ಲಾಸಂನಲ್ಲಿ (ಒಳಪೊರೆ, ಹೊರಪೊರೆ ನಡುವಿನ ಜಾಗ) ಕೂತಿರೋ ತಾಮ್ರ-ಸತುವಿನ ಸಾಡ್ ಬೇಕು. ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ಹತ್ರ ಅಂಥದ್ದೊಂದು ಇದೆ, ಸಾಡ್‌ಸಿ-1. ಅದರ ಜೀನ್ ಗಿಫ್ಸಿ-2 ಎಂಬ ಫೇಜ್ (ಬ್ಯಾಕ್ಟೀರಿಯಾದ ವೈರಸ್) ಹೊತ್ತು ತಂದದ್ದು. ಆದರೆ ಹೈಡ್ರೋಜನ್ ಪೆರಾಕ್ಸೈಡಿಗೆ ಆವೇಶ ಇಲ್ಲ, ಅದು ಪೊರೆ ದಾಟಿ ಒಳಗೆ ಬರುತ್ತೆ, ಹಾಗಾಗಿ ಕ್ಯಾಟಲೇಸ್ ಒಳಗಿದ್ದರೂ ನಡೆಯುತ್ತೆ. "ಸಾಡ್ ಇದೆ" ಅಂದರೆ ಸಾಲದು, ಎಲ್ಲಿ ಕೂತಿದೆ ಅಂತ ಬರೀರಿ.

ಗೋಮಾಳ (ಶಿರಸಿ):

ಪಶುವೈದ್ಯಕೀಯದ ಕಡೆಯಿಂದ ಒಂದು ಮಾತು. ಎಲ್ಲರೂ ಕ್ಷಯ, ಟೈಫಾಯ್ಡ್ ಅಂತಾರೆ, ನಮ್ಮ ಕಡೆ ಕೊಟ್ಟಿಗೆಯಲ್ಲೇ ಇರೋ ಬ್ರೂಸೆಲ್ಲಾ ನೆನಪಾಗಲ್ಲ. ದನ ಆರೇಳು ತಿಂಗಳ ಗಬ್ಬ ಇದ್ದಾಗ ಕಂದು ಹಾಕೋದು, ಸತ್ತೆ (ಕಸ, ಮಾಸು) ಬೀಳದೆ ಉಳಿಯೋದು, ಹೋರಿಯ ಬೀಜ ಊದೋದು, ಇವೆಲ್ಲ ಅದರ ಲಕ್ಷಣ.

ಬ್ರೂಸೆಲ್ಲಾ ಕ್ಷಯದ ಬ್ಯಾಕ್ಟೀರಿಯಾ ಥರ ಅಲ್ಲೇ ಕಾದು ಕೂರೋದಿಲ್ಲ. ಅದರ ಚೀಲ ಒಂದಷ್ಟು ಆಮ್ಲ ಆಗುತ್ತೆ, ಆ ಆಮ್ಲವೇ ಅದರ ವಿರ್‌ಬಿ ಸ್ರವಿಕೆ ಯಂತ್ರಕ್ಕೆ (ತನ್ನ ಪ್ರೋಟೀನ್‌ಗಳನ್ನ ಕೋಶದೊಳಗೆ ತಳ್ಳೋ ಸಾಧನ) ಚಾಲನೆ ಕೊಡುತ್ತೆ. ಆಮೇಲೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ (ಕೋಶದೊಳಗಿನ ಪೊರೆಗಳ ಜಾಲ) ಕಡೆ ಹೋಗಿ ಅಲ್ಲಿ ವೃದ್ಧಿ ಆಗುತ್ತೆ. ಅಂದರೆ ಪ್ರಯೋಗದಲ್ಲಿ ಚೀಲದ ಆಮ್ಲವನ್ನ ಮೊದಲೇ ಬ್ಯಾಫಿಲೊಮೈಸಿನ್ ಹಾಕಿ ತಡೆದರೆ ಬ್ರೂಸೆಲ್ಲಾಗೆ ಉಪಕಾರ ಆಗಲ್ಲ, ಅಪಕಾರ ಆಗುತ್ತೆ. "ಆಮ್ಲ ತಡೆಯೋದು ಬ್ಯಾಕ್ಟೀರಿಯಾಗೆ ಒಳ್ಳೇದು" ಅಂತ ಎಲ್ಲಕ್ಕೂ ಅನ್ವಯಿಸಬೇಡಿ. ಕ್ಯೂ ಜ್ವರದ ಕಾಕ್ಸಿಯೆಲ್ಲಾ ಅಂತೂ ಲೈಸೋಸೋಮ್‌ನಂಥ ಆಮ್ಲದ ಚೀಲದಲ್ಲೇ ಸುಖವಾಗಿ ಬೆಳೆಯುತ್ತೆ.

ಕಿಣ್ವಗಳಿಗೆ ಬಂದರೆ, ಬ್ರೂಸೆಲ್ಲಾದ ಬಿಟಿಪಿ-ಎ, ಬಿಟಿಪಿ-ಬಿ ನೋಡಿ. ಇವುಗಳಲ್ಲಿ ಟಿಐಆರ್ ಅನ್ನೋ ಭಾಗ ಇದೆ, ನಮ್ಮದೇ ಟೋಲ್ ಗ್ರಾಹಕಗಳಲ್ಲಿ (ರೋಗಾಣು ಗುರುತಿಸೋ ಪ್ರೋಟೀನ್‌ಗಳು) ಇರೋ ಭಾಗದ ನಕಲು. ಗ್ರಾಹಕದಿಂದ ಹೊರಡೋ ಎಚ್ಚರಿಕೆಯ ಸಂಕೇತವನ್ನ ಇದು ಮಧ್ಯದಲ್ಲೇ ಕೆಡಿಸುತ್ತೆ. ಮೇಲಿಂದ ಈ ಭಾಗಕ್ಕೆ ಎನ್‌ಎಡಿ (ಕೋಶದ ಶಕ್ತಿ ವ್ಯವಹಾರಕ್ಕೆ ಬೇಕಾದ ಅಣು) ಒಡೆಯೋ ಕಿಣ್ವಗುಣವೂ ಇದೆ, ಸೋಂಕಾದ ಕೋಶದ ಎನ್‌ಎಡಿ ಮಟ್ಟ ಇಳಿಯುತ್ತೆ. ಯೂರಿಯೇಸ್ ಇರೋದು ಬೇರೆ ಕೆಲಸಕ್ಕೆ. ಹಸಿ ಹಾಲಿನ ಮೂಲಕ ಹೊಟ್ಟೆಗೆ ಹೋದಾಗ ಯೂರಿಯಾ ಒಡೆದು ಅಮೋನಿಯಾ ಮಾಡಿ ಜಠರದ ಆಮ್ಲದಿಂದ ಪಾರಾಗೋಕೆ. ಮ್ಯಾಕ್ರೊಫೇಜ್ ಲೆಕ್ಕಕ್ಕೆ ಯೂರಿಯೇಸನ್ನ ಸೇರಿಸಬೇಡಿ.

ಇದನ್ನ ಪ್ರಾಜೆಕ್ಟಿಗೆ ತಗೊಳ್ಳೋ ಯೋಚನೆ ಇದ್ದರೆ ಬಿಟ್ಟುಬಿಡಿ ತಮಾ. ಪ್ಲೇಟಿನ ಮೇಲಿಂದ ಗಾಳಿಯಲ್ಲಿ ಬಂದೇ ಲ್ಯಾಬಿನವರಿಗೆ ಅಂಟೋ ಕಾಯಿಲೆಗಳಲ್ಲಿ ಇದು ಮೊದಲ ಸಾಲಿನದ್ದು. ಲಸಿಕೆಯ ಎಸ್19 ತಳಿ ಕೂಡ ಜೀವಂತ ಬ್ಯಾಕ್ಟೀರಿಯಾವೇ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಹಾಕೋ ಆ ಲಸಿಕೆಯ ಸೂಜಿ ಕೈಗೆ ಚುಚ್ಚಿಕೊಂಡರೆ ಡಾಕ್ಟರ ಹತ್ರ ಹೋಗಲೇಬೇಕು. ಮತ್ತೆ ಮನೆಯಲ್ಲಿ ಹೇಳಿ, ಕಂದು ಹಾಕಿದ ದನದ ಕಸವನ್ನ ಬರಿಗೈಯಲ್ಲಿ ಎಳೆಯೋದು ಬೇಡ, ನಾಯಿಗೂ ಹಾಕೋದು ಬೇಡ, ಸುಣ್ಣ ಹಾಕಿ ಆಳಕ್ಕೆ ಹೂಳಬೇಕು. ಹಾಲು ಕುದಿಸಿ ಕುಡಿದರೆ ಬ್ರೂಸೆಲ್ಲಾ ಉಳಿಯಲ್ಲ, ಗಿಣ್ಣ ಹಾಲಿಗೂ ಅದೇ ಮಾತು.

ಮಳೆಗಾಲದ_ಓಪಿಡಿ (ಕುಮಟಾ):

ಮೇಲಿನ ಎರಡೂ ಉತ್ತರ ಚೆನ್ನಾಗಿದೆ. ಕ್ಯಾಟ್‌ಜಿ ಬಗ್ಗೆ ಆಸ್ಪತ್ರೆ ಕಡೆಯಿಂದ ಸೇರಿಸೋದಿದೆ, ಸೆಮಿನಾರಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ.

ಕ್ಷಯಕ್ಕೆ ಕೊಡೋ ಐಸೋನಿಯಾಜಿಡ್ ಮಾತ್ರೆ ತಾನಾಗಿ ಏನೂ ಮಾಡಲ್ಲ. ಬ್ಯಾಕ್ಟೀರಿಯಾದ ಒಳಗೆ ಹೋದ ಮೇಲೆ ಅದರದ್ದೇ ಕ್ಯಾಟ್‌ಜಿ ಕಿಣ್ವ ಈ ಮಾತ್ರೆಯನ್ನ ಆಕ್ಸಿಡೈಸ್ ಮಾಡಿ ಚುರುಕು ಮಾಡುತ್ತೆ, ಆಮೇಲೆ ಅದು ಐಎನ್‌ಎಚ್‌-ಎ ಕಿಣ್ವವನ್ನ ಕಟ್ಟಿಹಾಕಿ ಮೈಕೋಲಿಕ್ ಆಮ್ಲ (ಅದರ ಕೋಶಗೋಡೆಯ ಮೇಣ) ತಯಾರಾಗದಂತೆ ಮಾಡುತ್ತೆ. ಅಂದರೆ ಮ್ಯಾಕ್ರೊಫೇಜಿನಿಂದ ಕಾಪಾಡೋ ಕಿಣ್ವವೇ ಔಷಧಿಗೆ ಬಾಗಿಲು ತೆಗೆಯುತ್ತೆ. ಬ್ಯಾಕ್ಟೀರಿಯಾ ಕ್ಯಾಟ್‌ಜಿಯನ್ನ ಪೂರ್ತಿ ಕಳ್ಕೊಂಡರೆ ಮಾತ್ರೆಯಿಂದ ಬಚಾವ್, ಆದರೆ ಮ್ಯಾಕ್ರೊಫೇಜಿನ ಪೆರಾಕ್ಸೈಡಿಗೆ ಸಿಕ್ಕಿಬೀಳುತ್ತೆ. ಅದಕ್ಕೇ ರೋಗಿಗಳಲ್ಲಿ ಅತಿ ಹೆಚ್ಚು ಕಾಣೋದು ಪೂರ್ತಿ ನಷ್ಟ ಅಲ್ಲ, 315ನೇ ಜಾಗದ ಸೆರೀನ್ ಹೋಗಿ ಥ್ರಿಯೋನಿನ್ ಬಂದ ರೂಪ. ಅದರಲ್ಲಿ ಕ್ಯಾಟಲೇಸ್ ಕೆಲಸ ಸಾಕಷ್ಟು ಉಳಿದಿರುತ್ತೆ, ಐಸೋನಿಯಾಜಿಡ್ ಚುರುಕು ಮಾಡೋ ಕೆಲಸ ಮಾತ್ರ ಹೋಗಿರುತ್ತೆ. ಕ್ಯಾಟ್‌ಜಿ ಪೂರ್ತಿ ಹೋದ ತಳಿಗಳಲ್ಲಿ ಕೆಲವು ಎಎಚ್‌ಪಿ-ಸಿ ಜೀನಿನ ಪ್ರೊಮೋಟರ್ (ಜೀನಿನ ಸ್ವಿಚ್ಚು) ಬದಲಾಯಿಸ್ಕೊಂಡು ಆ ಕಿಣ್ವವನ್ನ ಜಾಸ್ತಿ ಮಾಡಿ ಸರಿದೂಗಿಸ್ತಾವೆ.

ಇದರಿಂದ ಒಂದು ವ್ಯವಹಾರದ ಮಾತು. ಕ್ಷಯದ ಸಾಮಾನ್ಯ ಜೀನ್ ಪರೀಕ್ಷೆ ಸಿಬಿನಾಟ್ ನೋಡೋದು ಇನ್ನೊಂದು ಔಷಧಿ ರಿಫಾಂಪಿಸಿನ್ ಪ್ರತಿರೋಧದ ಆರ್‌ಪಿಒ-ಬಿ ಜೀನನ್ನ ಮಾತ್ರ. "ರಿಫಾಂಪಿಸಿನ್ ಸೆನ್ಸಿಟಿವ್" ಅಂತ ಬಂದರೆ ಐಸೋನಿಯಾಜಿಡ್ ಕೂಡ ಕೆಲಸ ಮಾಡುತ್ತೆ ಅಂತ ಅರ್ಥ ಅಲ್ಲ. ಕ್ಯಾಟ್‌ಜಿ ಮತ್ತು ಐಎನ್‌ಎಚ್‌-ಎ ನೋಡೋದು ಲೈನ್ ಪ್ರೋಬ್ ಪರೀಕ್ಷೆ. ಕ್ಯಾಟ್‌ಜಿ ಬದಲಾವಣೆ ಇದ್ದರೆ ಪ್ರತಿರೋಧ ಸಾಮಾನ್ಯವಾಗಿ ಜಾಸ್ತಿ ಮಟ್ಟದ್ದು, ಐಎನ್‌ಎಚ್‌-ಎ ಪ್ರೊಮೋಟರ್ ಒಂದೇ ಬದಲಾಗಿದ್ದರೆ ಕಡಿಮೆ ಮಟ್ಟದ್ದು.

ಇಐಎಸ್ ಅನ್ನೋ ಅಸಿಟೈಲ್ ಟ್ರಾನ್ಸ್‌ಫರೇಸ್ ಕೂಡ ಇದೇ ಥರ ಇಬ್ಬಂದಿ. ಮ್ಯಾಕ್ರೊಫೇಜ್ ಒಳಗೆ ಆಕ್ಸಿಡೆಂಟ್ ಮತ್ತು ಆಟೋಫೇಜಿ (ಕೋಶ ತನ್ನೊಳಗಿನ ಬೇಡದ್ದನ್ನ ಸುತ್ತಿ ಜೀರ್ಣಿಸೋದು) ಕಡಿಮೆ ಮಾಡುತ್ತೆ, ಅದರ ಪ್ರೊಮೋಟರ್ ಬದಲಾಗಿ ಜಾಸ್ತಿ ತಯಾರಾದರೆ ಕೆನಾಮೈಸಿನ್‌ಗೆ ಅಸಿಟೈಲ್ ಗುಂಪು ಅಂಟಿಸಿ ಅದನ್ನೂ ನಿಷ್ಕ್ರಿಯ ಮಾಡುತ್ತೆ.

ನಮ್ಮ ಕರಾವಳಿಗೆ ಸಂಬಂಧಪಟ್ಟ ಇನ್ನೊಂದು: ಮೆಲಿಯೋಯ್ಡೋಸಿಸ್. ಅದನ್ನ ತರೋ ಬ್ಯಾಕ್ಟೀರಿಯಾ ಬರ್ಕೋಲ್ಡೇರಿಯಾ ಸ್ಯೂಡೋಮಲೈ ಗದ್ದೆಯ ಒದ್ದೆ ಮಣ್ಣು, ನೀರಲ್ಲಿರುತ್ತೆ. ಮಳೆಗಾಲದಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ ಬರುತ್ತೆ. ಇದು ಚೀಲದಲ್ಲಿ ಕೂರೋದೇ ಇಲ್ಲ, ಹರಿದುಕೊಂಡು ಸೈಟೋಸಾಲಿಗೆ ಬರುತ್ತೆ. ಸೈಟೋಸಾಲಿಗೆ ಬಂದವುಗಳಿಗೆ ಕೋಶ ಯುಬಿಕ್ವಿಟಿನ್ ಎಂಬ ಚೀಟಿ ಅಂಟಿಸುತ್ತೆ, ಆ ಚೀಟಿ ನೋಡಿ ಆಟೋಫೇಜಿ ಬಂದು ಸುತ್ತಿಕೊಳ್ಳುತ್ತೆ. ಬರ್ಕೋಲ್ಡೇರಿಯಾದ ಟಿಎಸ್‌ಎಸ್‌-ಎಂ ಯುಬಿಕ್ವಿಟಿನನ್ನ ಕಿತ್ತುಹಾಕೋ ಕಿಣ್ವ, ಉರಿಯೂತದ ಸಂಕೇತವನ್ನೂ ಅದು ತಗ್ಗಿಸುತ್ತೆ. ಬಿಎಲ್‌ಎಫ್‌1 ಅನ್ನೋ ಇನ್ನೊಂದು ಕಿಣ್ವ ಇಐಎಫ್‌4ಎ ಪ್ರೋಟೀನಿನ 339ನೇ ಗ್ಲುಟಮಿನನ್ನ ಗ್ಲುಟಮಿಕ್ ಆಮ್ಲ ಮಾಡಿ ಕೋಶದ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತೆ (2011).

ಮತ್ತೆ ಔಷಧಿ: ಕೋಶದೊಳಗಿನ ಬ್ಯಾಕ್ಟೀರಿಯಾಗೆ ಯಾವುದನ್ನ ಕೊಡ್ತೀವಿ ಅನ್ನೋದು ಪೊರೆ ದಾಟುತ್ತಾ ಇಲ್ವಾ ಅನ್ನೋದರ ಮೇಲೂ ನಿಂತಿದೆ. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಕೋಶದೊಳಗೆ ಹೋಗ್ತಾವೆ. ಜೆಂಟಾಮೈಸಿನ್ ಬಹಳ ನಿಧಾನಕ್ಕೆ ಹೋಗಿ ಲೈಸೋಸೋಮ್‌ನಲ್ಲಿ ಸೇರುತ್ತೆ, ಅಲ್ಲಿನ ಆಮ್ಲದಲ್ಲಿ ಅದರ ಕಸುವು ಕಡಿಮೆ. ಬ್ರೂಸೆಲ್ಲೋಸಿಸ್‌ಗೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆ ಎರಡು ಸಲ 6 ವಾರ, ಜೊತೆಗೆ ರಿಫಾಂಪಿಸಿನ್ ಅಥವಾ ಸ್ಟ್ರೆಪ್ಟೊಮೈಸಿನ್ ಅಂತ ಇರೋದು ಸುಮ್ಮನೆ ಅಲ್ಲ. ಜ್ವರ ಬಿಟ್ಟಿತು ಅಂತ ಎರಡನೇ ವಾರಕ್ಕೆ ಮಾತ್ರೆ ನಿಲ್ಲಿಸೋದೇ ಮತ್ತೆ ಮರುಕಳಿಸೋಕೆ ದೊಡ್ಡ ಕಾರಣ.

ಕಡಲತಡಿ_ಮೈಕ್ರೋ (ಕಾರವಾರ):

ಇಷ್ಟೊಂದು ಸಿಗುತ್ತೆ ಅಂದ್ಕೊಂಡಿರಲಿಲ್ಲ, ಧನ್ಯವಾದ. ಎರಡು ಅನುಮಾನ ಉಳೀತು. ಒಂದು ಪೇಪರಿನಲ್ಲಿ ಸಾಲ್ಮೊನೆಲ್ಲಾದ ಕ್ಯಾಟಲೇಸ್ ಜೀನ್ ತೆಗೆದರೂ ಮ್ಯಾಕ್ರೊಫೇಜಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ ಅಂತಿದೆ. ಹಾಗಾದ್ರೆ ಕ್ಯಾಟಲೇಸ್ ಬೇಡವೇ ಬೇಡ ಅಂತಾನಾ? ಇನ್ನೊಂದು, ಜೆಂಟಾಮೈಸಿನ್ ಪ್ರೊಟೆಕ್ಷನ್ ಅಸ್ಸೇ (ಹೊರಗಿನ ಬ್ಯಾಕ್ಟೀರಿಯಾವನ್ನ ಔಷಧಿಯಿಂದ ಕೊಂದು, ಕೋಶದೊಳಗೆ ಉಳಿದದ್ದನ್ನ ಎಣಿಸೋ ಪರೀಕ್ಷೆ) ಮಾಡೋಕೆ ಬೇರೆ ಕಡೆ ಎರಡು ವಾರ ಅವಕಾಶ ಸಿಗಬಹುದು, ಅದರಲ್ಲಿ ಎಲ್ಲಿ ಎಡವುತ್ತಾರೆ? ಕಾಲೇಜಲ್ಲೇ ಮಾಡೋ ಪ್ರಯೋಗದ ಬಗ್ಗೆ ಯಾರೂ ಹೇಳಲಿಲ್ಲ.

ಶಾಲ್ಮಲೆ_ದಂಡೆ (ಶಿರಸಿ):

ಮೊದಲ ಅನುಮಾನಕ್ಕೆ ನಾನು ಹೇಳ್ತೀನಿ. ಸಾಲ್ಮೊನೆಲ್ಲಾ ಹತ್ರ ಪೆರಾಕ್ಸೈಡ್ ಒಡೆಯೋ ಕಿಣ್ವ ಒಂದಲ್ಲ, ಐದು: ಕ್ಯಾಟ್‌ಇ, ಕ್ಯಾಟ್‌ಜಿ, ಕ್ಯಾಟ್‌ಎನ್ ಎಂಬ ಮೂರು ಕ್ಯಾಟಲೇಸು, ಎಎಚ್‌ಪಿ-ಸಿ ಮತ್ತು ಟಿಎಸ್‌ಎ-ಎ ಎಂಬ ಎರಡು ಪೆರಾಕ್ಸಿಡೇಸು. ಒಂದು ತೆಗೆದರೆ ಉಳಿದ ನಾಲ್ಕು ಸಂಭಾಳಿಸ್ತಾವೆ. ಐದನ್ನೂ ತೆಗೆದ ತಳಿ ಮಾತ್ರ ಮ್ಯಾಕ್ರೊಫೇಜಿನಲ್ಲಿ ವೃದ್ಧಿ ಆಗಲ್ಲ, ಅದು 2009ರಲ್ಲಿ ಪ್ರಕಟ ಆಗಿದೆ. "ಜೀನ್ ತೆಗೆದೆ, ಏನೂ ಆಗಲಿಲ್ಲ, ಹಾಗಾಗಿ ಬೇಡ" ಅನ್ನೋ ತೀರ್ಮಾನ ಇಲ್ಲಿ ದಾರಿ ತಪ್ಪಿಸುತ್ತೆ.

ಉಲ್ಟಾ ತಪ್ಪೂ ಇದೆ, ಅದು ಇನ್ನೂ ಸಾಮಾನ್ಯ. ಶುದ್ಧ ಮಾಡಿದ ಕಿಣ್ವ ಟೆಸ್ಟ್ ಟ್ಯೂಬಿನಲ್ಲಿ ಏನನ್ನೋ ಕತ್ತರಿಸಿತು ಅಂದ ತಕ್ಷಣ "ಇದೇ ಮ್ಯಾಕ್ರೊಫೇಜ್ ತಪ್ಪಿಸೋ ಕಿಣ್ವ" ಅಂತ ಬರೆದುಬಿಡ್ತಾರೆ. ಟ್ಯೂಬಿನಲ್ಲಿ ಫಾಸ್ಫಟೇಸ್ ಸಿಕ್ಕಿದ್ದನ್ನೆಲ್ಲ ಕತ್ತರಿಸುತ್ತೆ. ನಂಬಬೇಕಾದರೆ ನಾನು ಮೂರು ನೋಡ್ತೀನಿ. ಜೀನ್ ತೆಗೆದ ತಳಿ ಸೋಲಬೇಕು, ಜೀನ್ ವಾಪಸ್ ಕೊಟ್ಟರೆ ಗೆಲ್ಲಬೇಕು, ಕಿಣ್ವದ ಸಕ್ರಿಯ ಜಾಗದ ಒಂದು ಅಮೈನೋ ಆಮ್ಲ ಮಾತ್ರ ಬದಲಾಯಿಸಿ ಕೊಟ್ಟರೆ ಗೆಲ್ಲಬಾರದು. ಮೂರನೆಯದು ಇಲ್ಲದಿದ್ದರೆ ಮೇಲೆ ಪಿಟಿಪಿ-ಎ ಬಗ್ಗೆ ಹೇಳಿದ ಹಾಗೆ ಅಂಟಿಕೊಳ್ಳೋ ಗುಣವಾ, ಕತ್ತರಿಸೋ ಗುಣವಾ ಗೊತ್ತಾಗಲ್ಲ.

ಇವೆಲ್ಲಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿದೆ. ಆತಿಥೇಯ ಪ್ರಾಣಿಯಲ್ಲಿ ಆ ಅಸ್ತ್ರವನ್ನೇ ತೆಗೆದುಬಿಟ್ಟರೆ ಸೋಲುತ್ತಿದ್ದ ತಳಿ ಎದ್ದು ನಿಲ್ಲಬೇಕು. ಕ್ಯಾಟ್‌ಜಿ ಇಲ್ಲದ ಕ್ಷಯದ ಬ್ಯಾಕ್ಟೀರಿಯಾ ಸಾಮಾನ್ಯ ಇಲಿಯಲ್ಲಿ ಸೋಲುತ್ತೆ, ನೈಟ್ರಿಕ್ ಆಕ್ಸೈಡ್ ತಯಾರಿಸೋ ಕಿಣ್ವ ಇಲ್ಲದ ಇಲಿಯಲ್ಲೂ ಸೋಲುತ್ತೆ, ಎನ್‌ಎಡಿಪಿಎಚ್ ಆಕ್ಸಿಡೇಸ್ ಇಲ್ಲದ ಇಲಿಯಲ್ಲಿ ಮಾತ್ರ ಸೋಲಲ್ಲ (2004). ಕ್ಯಾಟ್‌ಜಿಯ ಎದುರಾಳಿ ಯಾರು ಅಂತ ಇಷ್ಟು ಸ್ಪಷ್ಟವಾಗಿ ತೋರಿಸೋ ಪ್ರಯೋಗ ಕಡಿಮೆ.

ಇದೇ ಧಾಟಿಯ ಇನ್ನೊಂದು ನನಗೆ ಬಹಳ ಇಷ್ಟದ್ದು. ಟೈಫಾಯ್ಡಿನ ಸಾಲ್ಮೊನೆಲ್ಲಾ ಟೈಫಿ ಮನುಷ್ಯರಿಗೆ ಮಾತ್ರ ಬರುತ್ತೆ, ಇಲಿಗೆ ಬರಲ್ಲ. ಇಲಿಯ ಮ್ಯಾಕ್ರೊಫೇಜಿನಲ್ಲಿ ರ‍್ಯಾಬ್32 ಎಂಬ ಪ್ರೋಟೀನ್ ಆ ಚೀಲಕ್ಕೆ ಬಂದು ಕೊಲ್ಲುವ ಸಾಮಾನು ಇಳಿಸುತ್ತೆ. ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ಹತ್ರ ಜಿಟಿಜಿ-ಇ ಎಂಬ ಪ್ರೋಟಿಯೇಸ್ ಇದೆ, ಅದು ರ‍್ಯಾಬ್32ನ್ನ ಕಡಿದು ಹಾಕುತ್ತೆ, ಹಾಗಾಗಿ ಇಲಿಯಲ್ಲಿ ಬದುಕುತ್ತೆ. ಟೈಫಿ ಹತ್ರ ಅದಿಲ್ಲ. ಜಿಟಿಜಿ-ಇ ಒಂದನ್ನ ಟೈಫಿಗೆ ಸೇರಿಸಿದ್ರೆ ಇಲಿಯ ಮ್ಯಾಕ್ರೊಫೇಜಿನಲ್ಲೂ ಬದುಕುತ್ತೆ ಅಂತ 2012ರಲ್ಲಿ ತೋರಿಸಿದ್ರು. ಯಾವ ಪ್ರಾಣಿಗೆ ಯಾವ ರೋಗ ಅನ್ನೋದು ಒಂದು ಕಿಣ್ವದ ಮೇಲೆ ಇಷ್ಟು ನಿಂತಿರಬಹುದು.

ಯುಬಿಕ್ವಿಟಿನ್ ಚೀಟಿಯ ವಿಷಯ ಬಂತಲ್ಲ, ಲೀಜಿಯೋನೆಲ್ಲಾ ಬ್ಯಾಕ್ಟೀರಿಯಾದ ಕಿಣ್ವ ರಾವ್‌ಝಡ್ ಕೂಡ ನೋಡಿ. ಆಟೋಫೇಜಿಗೆ ಬೇಕಾದ ಎಲ್‌ಸಿ3 ಪ್ರೋಟೀನು ತನ್ನ ತುದಿಯ ಗ್ಲೈಸಿನ್ ಮೂಲಕ ಪೊರೆಗೆ ಅಂಟಿರುತ್ತೆ. ನಮ್ಮ ಕೋಶದ ಎಟಿಜಿ4 ಅದನ್ನ ಬಿಡಿಸುವಾಗ ಗ್ಲೈಸಿನ್ ಉಳಿಸುತ್ತೆ, ಮತ್ತೆ ಬಳಸಬಹುದು. ರಾವ್‌ಝಡ್ ಗ್ಲೈಸಿನ್ ಸಮೇತ ಕತ್ತರಿಸುತ್ತೆ, ಆ ಎಲ್‌ಸಿ3 ಮತ್ತೆ ಅಂಟೋಕೇ ಬರಲ್ಲ.

ಬೆಂಚು_ಬರ್ನರ್ (ಧಾರವಾಡ, ಊರು ಹೊನ್ನಾವರ):

ಸರಿ, ಪ್ರಯೋಗಕ್ಕೆ ಬರೋಣ.

ಕಾಲೇಜಲ್ಲಿ ಮಾಡೋದು: ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್ (ಕ್ಷಯದ ಬ್ಯಾಕ್ಟೀರಿಯಾದ ಸಾಧು ನೆಂಟ) ಮತ್ತು ಇ. ಕೋಲಿ ಕೆ-12 (ಲ್ಯಾಬಿನ ಮಾಮೂಲಿ ತಳಿ), ಸಾಧ್ಯವಾದರೆ ಕ್ಯಾಟ್‌ಇ, ಕ್ಯಾಟ್‌ಜಿ ತೆಗೆದ ಕೆ-12 ತಳಿಗಳು. ಎರಡು ಅಳತೆ ಸಾಕು.

ಮೊದಲನೆಯದು ಕ್ಯಾಟಲೇಸ್ ವೇಗ. 50 ಮಿಲಿಮೋಲಾರ್ ಫಾಸ್ಫೇಟ್ ಬಫರ್, ಪಿಎಚ್ 7.0. ಅದರ 100 ಮಿ.ಲೀ.ಗೆ 30% ಹೈಡ್ರೋಜನ್ ಪೆರಾಕ್ಸೈಡ್ 100 ಮೈಕ್ರೋಲೀಟರ್ ಹಾಕಿದ್ರೆ ಸುಮಾರು 10 ಮಿಲಿಮೋಲಾರ್. 240 ನ್ಯಾನೋಮೀಟರಿನಲ್ಲಿ ಓದು 0.43ರ ಆಸುಪಾಸು ಬರಬೇಕು (ಮೋಲಾರ್ ಗುಣಾಂಕ 43.6). 0.3 ಬಂದರೆ ನಿಮ್ಮ ಪೆರಾಕ್ಸೈಡ್ ಹಳಸಿದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಫ್ರಿಜ್ ಬೆಚ್ಚಗಾಗೋದು ಮಾಮೂಲಿ ತಾನೇ, ಪ್ರತಿಸಲ ಓದು ನೋಡಿ ಸಾಂದ್ರತೆ ಸರಿ ಮಾಡ್ಕೊಳ್ಳಿ, ಬಾಟಲಿ ಮೇಲಿನ ಲೇಬಲ್ ನಂಬಬೇಡಿ. ಕ್ವಾರ್ಟ್ಸ್ ಕ್ಯುವೆಟ್ಟೇ ಬೇಕು, ಮಾಮೂಲಿ ಪ್ಲಾಸ್ಟಿಕ್ ಮತ್ತು ಗಾಜು 240ರಲ್ಲಿ ಬೆಳಕನ್ನ ಹೀರುತ್ತೆ. ಕೋಶ ಒಡೆದ ಸಾರ ಹಾಕಿ ಮೊದಲ 30ರಿಂದ 60 ಸೆಕೆಂಡಿನ ಇಳಿಕೆಯನ್ನ ಮಾತ್ರ ಲೆಕ್ಕಕ್ಕೆ ತಗೊಳ್ಳಿ. ಆಮೇಲೆ ಆಮ್ಲಜನಕದ ಗುಳ್ಳೆ ಎದ್ದು ಓದು ಕುಣಿಯುತ್ತೆ, ಪೆರಾಕ್ಸೈಡೇ ಕಿಣ್ವವನ್ನ ಕೆಡಿಸೋಕೆ ಶುರು ಮಾಡುತ್ತೆ. ಗುಳ್ಳೆ ಕಂಡರೆ ಸಾರವನ್ನ ಹತ್ತು ಪಟ್ಟು ತೆಳು ಮಾಡಿ. ಕೊನೆಗೆ ಪ್ರೋಟೀನ್ ಅಳೆದು ಪ್ರತಿ ಮಿ.ಗ್ರಾಂಗೆ ಎಷ್ಟು ಅಂತ ಬರೀರಿ.

ಎರಡನೆಯದು ಸಾಯುವ ಪ್ರಮಾಣ. ಬ್ಯಾಕ್ಟೀರಿಯಾವನ್ನ ಬಫರಿನಲ್ಲಿ ಎರಡು ಸಲ ತೊಳೆದು ಮಿ.ಲೀ.ಗೆ ಸುಮಾರು 10 ಲಕ್ಷದಷ್ಟು ಇಟ್ಟುಕೊಳ್ಳಿ. ಪೆರಾಕ್ಸೈಡ್ 0, 1, 5, 10 ಮಿಲಿಮೋಲಾರ್. 15, 30, 60 ನಿಮಿಷಕ್ಕೆ ತೆಗೆದು ಪ್ಲೇಟ್ ಮಾಡಿ. ಎಲ್ಲರೂ ಕೆಡಿಸೋದು ಇಲ್ಲೇ: ಸಾಂದ್ರತೆ 10 ಕೋಟಿ ಇಟ್ಟುಬಿಡ್ತಾರೆ. ಅಷ್ಟು ಕೋಶ ಸೇರಿದರೆ ಕ್ಯಾಟಲೇಸೆಲ್ಲ ಒಟ್ಟಾಗಿ ಪೆರಾಕ್ಸೈಡನ್ನ ಬೇಗನೆ ಮುಗಿಸಿ, ಯಾವುದೂ ಸಾಯಲ್ಲ. ಮಿಶ್ರ ಮಾಡಿದರೆ ಕ್ಯಾಟಲೇಸ್ ಇಲ್ಲದ ತಳಿ ಕೂಡ ಪಕ್ಕದವರ ಪುಣ್ಯದಲ್ಲಿ ಬದುಕುತ್ತೆ. ಬೇಕಂತಲೇ ಎರಡೂ ಸಾಂದ್ರತೆಯಲ್ಲಿ ಮಾಡಿ ಆ ವ್ಯತ್ಯಾಸವನ್ನೇ ಒಂದು ಗ್ರಾಫ್ ಮಾಡಿದ್ರೆ ನಿಮ್ಮ ಮೊದಲ ಪ್ರಶ್ನೆಗೂ ಅರ್ಧ ಉತ್ತರ: ಮ್ಯಾಕ್ರೊಫೇಜಿನ ಚೀಲದಲ್ಲಿ ಬ್ಯಾಕ್ಟೀರಿಯಾ ಒಂದೋ ಎರಡೋ ಇರುತ್ತೆ, ಫ್ಲಾಸ್ಕಿನ ಗುಂಪುಬಲ ಅಲ್ಲಿಲ್ಲ.

ಸಮಯ ಮುಗಿದ ಕೂಡಲೇ ಮಾದರಿಗೆ ದನದ ಯಕೃತ್ತಿನ ಕ್ಯಾಟಲೇಸ್ ಹಾಕಿ ಉಳಿದ ಪೆರಾಕ್ಸೈಡ್ ಮುಗಿಸಿ. ಇಲ್ಲದಿದ್ದರೆ ನೀವು ಡೈಲ್ಯೂಷನ್ ಮಾಡ್ತಾ ಇರೋವಾಗಲೂ ಸಾಯ್ತಾನೇ ಇರ್ತಾವೆ. ಆ ಪುಡಿಯ ಬಾಟಲಿಯನ್ನ ಫ್ರೀಜರಿನಿಂದ ತೆಗೆದು ರೂಮಿನ ಬಿಸಿಗೆ ಬರೋ ತನಕ ಮುಚ್ಚಳ ತೆಗೀಬೇಡಿ. ಕಾರವಾರದ ಜುಲೈ ಗಾಳಿಗೆ ಒಳಗಡೆ ಬೆವರು ಕೂತು ಪುಡಿ ಗಂಟಾಗುತ್ತೆ. ಸ್ಮೆಗ್ಮಾಟಿಸ್ ಗಂಟು ಕಟ್ಟೋ ಜಾತಿ, ಮಾಧ್ಯಮಕ್ಕೆ 0.05% ಟ್ವೀನ್ 80 ಹಾಕಿ, ಪ್ಲೇಟ್ ಮಾಡೋ ಮುಂಚೆ ಸಣ್ಣ ಸೂಜಿಯ ಸಿರಿಂಜಿನಲ್ಲಿ ಹತ್ತು ಸಲ ಎಳೆದು ಬಿಡಿ. ನೂರು ಕೋಶದ ಗಂಟೂ ಪ್ಲೇಟಿನಲ್ಲಿ ಒಂದೇ ಕಾಲನಿ. ಕಾಲನಿ ಕಾಣೋಕೆ 2ರಿಂದ 3 ದಿನ ಬೇಕು, ಮರುದಿನ ನೋಡಿ ಸತ್ತಿದೆ ಅಂತ ಬರೀಬೇಡಿ.

ಸ್ಲೈಡಿನ ಮೇಲೆ 3% ಪೆರಾಕ್ಸೈಡ್ ಹಾಕೋ ಮಾಮೂಲಿ ಪರೀಕ್ಷೆ ತೋರಿಸೋದಾದ್ರೆ ಬ್ಲಡ್ ಅಗಾರಿನ ಕಾಲನಿ ಬೇಡ, ರಕ್ತಕಣದಲ್ಲೂ ಕ್ಯಾಟಲೇಸ್ ಇದೆ.

ಯಾರಾದ್ರೂ ಫಾಸ್ಫಟೇಸ್ ಅಳತೆ ಮಾಡಿ ಅಂದರೆ ಒಂದು ಎಚ್ಚರಿಕೆ. ಮಲಾಕೈಟ್ ಗ್ರೀನ್ ವಿಧಾನ ಬಿಡುಗಡೆಯಾದ ಫಾಸ್ಫೇಟನ್ನ ಅಳೆಯುತ್ತೆ. ಹಾಗಾಗಿ ಪಿಬಿಎಸ್ (ಫಾಸ್ಫೇಟ್ ಇರೋ ಬಫರ್) ಮುಟ್ಟಲೇಬಾರದು, ಟ್ರಿಸ್ ಬಳಸಿ. ಸೋಪಿನಲ್ಲಿ ತೊಳೆದ ಗಾಜಿನ ಸಾಮಾನಿನಲ್ಲೂ ಫಾಸ್ಫೇಟ್ ಉಳಿದು ಖಾಲಿ ಟ್ಯೂಬೇ ಹಸಿರಾಗುತ್ತೆ. ಹೊಸ ಪ್ಲಾಸ್ಟಿಕ್ ಟ್ಯೂಬ್ ತಗೊಳ್ಳಿ ಅಥವಾ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ ತೊಳೀರಿ.

ಈಗ ಜೆಂಟಾಮೈಸಿನ್ ಅಸ್ಸೇ. ಟಿಎಚ್‌ಪಿ-1 ಕೋಶ (ಲ್ಯಾಬಿನಲ್ಲಿ ಬೆಳೆಸೋ ಮನುಷ್ಯರ ಮೊನೊಸೈಟ್ ತಳಿ), 24 ಗುಂಡಿಯ ಪ್ಲೇಟು, ಗುಂಡಿಗೆ 5 ಲಕ್ಷ. ಅವನ್ನ ಮ್ಯಾಕ್ರೊಫೇಜ್ ಥರ ಬದಲಿಸೋಕೆ ಪಿಎಂಎ ಎಂಬ ರಾಸಾಯನಿಕ ಹಾಕಿ 48 ಗಂಟೆ, ಆಮೇಲೆ ಪಿಎಂಎ ತೆಗೆದು ಒಂದು ದಿನ ವಿಶ್ರಾಂತಿ. ಪಿಎಂಎ ಸ್ವತಃ ಆಕ್ಸಿಡೇಸನ್ನ ಚಾಲೂ ಮಾಡುತ್ತೆ, ವಿಶ್ರಾಂತಿ ಕೊಡದಿದ್ದರೆ ನೀವು ಅಳೆಯೋದು ಅದನ್ನೇ. ಸೋಂಕಿನ ಹಿಂದಿನ ದಿನವೇ ಮಾಧ್ಯಮದಿಂದ ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ ತೆಗೀರಿ. ಕೋಶ ಒಂದಕ್ಕೆ ಬ್ಯಾಕ್ಟೀರಿಯಾ ಹತ್ತು, ಅಂದರೆ ಗುಂಡಿಗೆ 50 ಲಕ್ಷ. ಓ.ಡಿ. (ದ್ರಾವಣದ ಮಬ್ಬಿನ ಓದು) ನೋಡಿ ಅಂದಾಜು ಮಾಡಿದ್ದನ್ನ ಪ್ಲೇಟ್ ಮಾಡಿ ಖಾತ್ರಿ ಮಾಡ್ಕೊಳ್ಳಿ. ಅರ್ಧ ಗಂಟೆ ಸೋಂಕು, ಮೂರು ಸಲ ತೊಳೆತ, ಜೆಂಟಾಮೈಸಿನ್ 100 ಮೈಕ್ರೋಗ್ರಾಂ/ಮಿ.ಲೀ. ಒಂದು ಗಂಟೆ, ಆಮೇಲೆ 10ಕ್ಕೆ ಇಳಿಸಿ. ಕೊನೆಗೆ ಕೋಶ ಒಡೆಯೋಕೆ 0.1% ಟ್ರೈಟಾನ್ ಎಕ್ಸ್-100ರಲ್ಲಿ 10 ನಿಮಿಷ, ಡೈಲ್ಯೂಷನ್, ಪ್ಲೇಟು.

ಕೆಡೋದು ಮೂರು ಕಡೆ. 100 ಮೈಕ್ರೋಗ್ರಾಂನಲ್ಲೇ 24 ಗಂಟೆ ಬಿಟ್ಟರೆ ಔಷಧಿ ಒಳಗೂ ಹೋಗಿ ಬ್ಯಾಕ್ಟೀರಿಯಾ ಕೊಲ್ಲುತ್ತೆ, ನೀವು ಮ್ಯಾಕ್ರೊಫೇಜನ್ನ ಹೊಗಳಿ ಬರೀತೀರಿ. ಒಂದೇ ಸಮಯ ತಗೊಂಡರೆ ಕಡಿಮೆ ನುಂಗಿದ್ದಾ, ಒಳಗೆ ಸತ್ತಿದ್ದಾ ತಿಳಿಯಲ್ಲ. 2 ಗಂಟೆ ಮತ್ತು 24 ಗಂಟೆ ಎರಡೂ ತೆಗೆದು ಅನುಪಾತ ಕೊಡಿ. ಮೂರನೆಯದನ್ನ ಬಹಳ ಜನ ಗಮನಿಸಲ್ಲ: ಬ್ಯಾಕ್ಟೀರಿಯಾ ಮ್ಯಾಕ್ರೊಫೇಜನ್ನೇ ಕೊಂದರೆ ಪೊರೆ ತೂತಾಗಿ ಜೆಂಟಾಮೈಸಿನ್ ಒಳಗೆ ನುಗ್ಗುತ್ತೆ, ಎಣಿಕೆ ಬೀಳುತ್ತೆ, ಅತಿ ಉಗ್ರ ತಳಿಯೇ ದುರ್ಬಲ ಅಂತ ಕಾಣುತ್ತೆ. ಮೇಲಿನ ದ್ರವದಲ್ಲಿ ಎಲ್‌ಡಿಎಚ್ (ಕೋಶ ಸತ್ತಾಗ ಹೊರಗೆ ಸೋರೋ ಕಿಣ್ವ) ಅಳೆದರೆ ಗೊತ್ತಾಗುತ್ತೆ. ಇನ್ನು ಟಿಎಚ್‌ಪಿ-1 ನೈಟ್ರಿಕ್ ಆಕ್ಸೈಡ್ ತಯಾರಿಸೋದು ತೀರಾ ಕಡಿಮೆ, ಆ ಅಸ್ತ್ರದ ಬಗ್ಗೆ ಪ್ರಶ್ನೆ ಇದ್ದರೆ ಇಂಟರ್‌ಫೆರಾನ್-ಗಾಮಾ ಕೊಟ್ಟ ಇಲಿಯ ಮ್ಯಾಕ್ರೊಫೇಜ್ ಬೇಕು.

ಕಡಲತಡಿ_ಮೈಕ್ರೋ (ಕಾರವಾರ):

ಬಹಳ ಉಪಕಾರ ಆಯ್ತು ಸರ್. ಕೊನೇ ಒಂದು. ಮೆಲಿಯೋಯ್ಡೋಸಿಸ್ ನಮ್ಮ ಕಡೆಯದ್ದೇ ಅಂದ್ರಲ್ಲ, ಗದ್ದೆ ಮಣ್ಣಿಂದ ಬರ್ಕೋಲ್ಡೇರಿಯಾ ಹೆಕ್ಕಿ ಇದೇ ಅಸ್ಸೇ ಮಾಡಿದ್ರೆ ಸ್ಥಳೀಯ ವಿಷಯ ಅಂತ ಒಳ್ಳೆ ಅಂಕ ಸಿಗಬಹುದಾ?

ಮಳೆಗಾಲದ_ಓಪಿಡಿ (ಕುಮಟಾ):

ಬೇಡ ಮಾರಾಯ್ರೆ. ಉಸಿರಿನಲ್ಲಿ ಹೋದರೂ ಅಂಟುತ್ತೆ, ತೆರೆದ ಬೆಂಚಿನಲ್ಲಿ, ಲ್ಯಾಮಿನಾರ್ ಫ್ಲೋದಲ್ಲಿ ಕೆಲಸ ಮಾಡೋ ಜೀವಿ ಅಲ್ಲ. ಲ್ಯಾಮಿನಾರ್ ಫ್ಲೋ ಗಾಳಿಯನ್ನ ನಿಮ್ಮ ಮುಖದ ಕಡೆಗೇ ಊದುತ್ತೆ ಅನ್ನೋದು ನೆನಪಿರಲಿ, ಅದು ಪ್ಲೇಟನ್ನ ಕಾಪಾಡೋದು, ನಿಮ್ಮನ್ನಲ್ಲ. ಅಸ್ಸೇ ಕೂಡ ನಡೆಯಲ್ಲ, ಈ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಜೆಂಟಾಮೈಸಿನ್‌ಗೆ ಬಗ್ಗಲ್ಲ, ಹೊರಗಿನದ್ದು ಸಾಯದೆ ಎಲ್ಲ ಗುಂಡಿಯಲ್ಲೂ ಬೆಳೆದು ಬಿಡುತ್ತೆ. ಅದಕ್ಕೇ ಅದರ ಪ್ರಯೋಗಗಳಲ್ಲಿ ಹೆಚ್ಚಾಗಿ ಕೆನಾಮೈಸಿನ್ ಬಳಸ್ತಾರೆ.

ಬೇರೆ ಕೆಲಸಕ್ಕೆ ಮಣ್ಣು ಹಾಕಿದ ಪ್ಲೇಟಿನಲ್ಲೋ, ಆಸ್ಪತ್ರೆಯ ಮಾದರಿಯಲ್ಲೋ ಆಕ್ಸಿಡೇಸ್ ಪಾಸಿಟಿವ್ ಗ್ರಾಂ ನೆಗೆಟಿವ್ ಕಡ್ಡಿ ಆಕಾರದ ಬ್ಯಾಕ್ಟೀರಿಯಾ ಸಿಕ್ಕು, ಜೆಂಟಾಮೈಸಿನ್ ಮತ್ತು ಕೊಲಿಸ್ಟಿನ್ ಎರಡಕ್ಕೂ ರೆಸಿಸ್ಟೆಂಟ್, ಕೋ-ಅಮಾಕ್ಸಿಕ್ಲಾವ್‌ಗೆ ಸೆನ್ಸಿಟಿವ್ ಅಂತ ಬಂದರೆ "ಸ್ಯೂಡೋಮೊನಾಸ್" ಅಂತ ಬರೆದು ಮುಗಿಸಬೇಡಿ. ಪ್ಲೇಟ್ ಮೂಸಬೇಡಿ. ಮುಚ್ಚಿ, ಟೇಪ್ ಹಾಕಿ, ಗೈಡ್‌ಗೆ ಹೇಳಿ ಮೆಡಿಕಲ್ ಕಾಲೇಜಿನ ಮೈಕ್ರೋಬಯಾಲಜಿ ವಿಭಾಗಕ್ಕೆ ಫೋನ್ ಮಾಡಿ. ಅವರು ಹೇಳೋ ತನಕ ಆ ಪ್ಲೇಟಿನಿಂದ ಸಬ್‌ಕಲ್ಚರ್ ಬೇಡ.